ಅಕ್ಕೋರ ಸಾಲಿಗೆ ನಾವು ಸಹಿ ಹಾಕಿದ್ದು

ವ್ಯಾಪಾರದಲ್ಲಿ ನನ್ನನ್ನು ಮೀರಿಸಿದವರು ಕಡಿಮೆ. ಆದರೆ ಎಪ್ಪತ್ತರ ದಶಕದ ಕೊನೆಗೆ, ದೇವದುರ್ಗದಾಚೆಯ ನಮ್ಮೂರ ಪಂಚಾಯತಿಗೆ ಒಬ್ಬ ಹೆಣ್ಣುಮಗಳು ಆರಿಸಿ ಬಂದ ಮೇಲೆ, ಮೆಂಬರನಾಗಿದ್ದ ನನಗೆ ಬೆಪ್ಪಾಗಿ ನಿಲ್ಲುವುದೇ ರೂಢಿಯಾಯಿತು. ಮೊದಲು ಪಾಠ ಹೇಳುತ್ತಿದ್ದವರು, ಹಾಗಾಗಿ ಊರಿಗೆಲ್ಲ ಅಕ್ಕೋರು. ಅವರದು ಒಂದೇ ಹಟ: ಊರಿಗೆ ಹುಡುಗಿಯರ ಶಾಲೆ, ನಮ್ಮ ಬಾಯಲ್ಲಿ ಸಾಲಿ, ಬರಬೇಕು.

ಸಭೆ

ನಮ್ಮಲ್ಲಿ ಸಭೆ ಸೇರುವ ಪದ್ಧತಿ ಇರಲಿಲ್ಲ. ಗುಮಾಸ್ತ ಠರಾವಿನ ವಹಿ ಹಿಡಿದು ಮನೆಮನೆಗೆ ಬರುತ್ತಿದ್ದ, ನಾವು ಸಹಿ ಹಾಕುತ್ತಿದ್ದೆವು. ಅಕ್ಕೋರ ಮನೆಗೂ ಹೋದ.

"ಯವ್ವಾ, ಸಭಾ ಮುಗದದ. ಸಹಿ ಮಾಡ್ರಿ."

ಅಕ್ಕೋರು ಕೆಳಗೊಂದು ಸಾಲು ಸೇರಿಸಿ ಸಹಿ ಮಾಡಿದರು. ಉಳಿದ ನಾವು ಓದದೆಯೇ ಮಾಡಿದೆವು. ಆ ಸಾಲು: 'ಮುಂದಿನ ಸಭೆ ಅಕ್ಕೋರ ಮನೆಯಲ್ಲಿ.'

ಸಹಿ ಹಾಕಿದ ತಪ್ಪಿಗೆ ಹೋಗಿ ಚಾಪೆ ಮೇಲೆ ಕೂತೆವು. ಅಕ್ಕೋರು ಸಾಲಿಯ ಠರಾವು ಮುಂದಿಟ್ಟು, "ಓದ್ರಿ. ಆಮ್ಯಾಲ ಚಾ," ಎಂದರು.

ಒಬ್ಬರು ಜೇಬು ತಡವಿದರು. "ಚಷ್ಮಾ ಮನ್ಯಾಗ ಉಳೀತ್ರಿ." ಎರಡನೆಯವರದೂ ಮನೆಯಲ್ಲೇ. ಮೂರನೆಯವರದೂ. ಅವರ್ಯಾರ ಮೂಗಿನ ಮೇಲೂ ನಾನು ಎಂದೂ ಚಷ್ಮಾ ಕಂಡವನಲ್ಲ.

"ಅದಕ್ಕ ಹುಡುಗ್ಯಾರ ಸಾಲಿ ಬೇಕ್ರಿ," ಎಂದರು ಅಕ್ಕೋರು. "ಚಷ್ಮಾ ಮರತ್ರೂ ಮಗಳು ಓದಿ ಹೇಳ್ತಾಳ."

ಠರಾವು ಪಾಸಾಯಿತು.

ಕಿಟಕಿ

ರಾಯಚೂರಿನ ಶಿಕ್ಷಣ ಇಲಾಖೆಯ ಸಾಹೇಬರು ಷರತ್ತು ಹಾಕಿದರು: ತಿಂಗಳೊಳಗೆ ಮೂವತ್ತು ಹುಡುಗಿಯರು, ಒಂದು ಕೋಣೆ. ಇಲ್ಲವಾದರೆ ಸಾಲಿ ಮಾನ್ವಿ ಕಡೆಗೆ. ಅಕ್ಕೋರು ಮನೆಮನೆ ತಿರುಗಿದರು. ಬಳೆ ವ್ಯಾಪಾರದ ಚಾಚಾ ಹೂಂ ಅಂದರೆ ಅವರ ಗಲ್ಲಿಯ ಹುಡುಗಿಯರೆಲ್ಲ ಬರುತ್ತಿದ್ದರು. ನನ್ನನ್ನೂ ಕರಕೊಂಡು ಹೋದರು.

"ರಸ್ತಾದ ಕಡಿ ಕಿಟಕಿ ಇರಬಾರದ್ರಿ," ಎಂದರು ಚಾಚಾ. "ಹೋಗೋ ಬರೋ ಮಂದಿ ಇಣಕತಾರ."

"ಕಿಟಕೀನ ಇಲ್ಲದ ಕೋಣಿ ಆದ್ರ?" ಎಂದರು ಅಕ್ಕೋರು.

"ಅಂಥಾದು ಊರಾಗ ಎಲ್ಲಿ ಅದ?"

ಪರದೆಯ ಹಿಂದಿನಿಂದ ಅವರ ಬೇಗಂ ಕೂಗಿದರು: "ಸೇಠ್ ಕಾ ಗೋದಾಮ್ ಹೈ ನಾ ಜೀ!"

ಮನೆ ಬಿಟ್ಟು ಹೊರಬರದ ಆ ತಾಯಿಗೆ ನನ್ನ ಗೋದಾಮಿಗೆ ಕಿಟಕಿ ಇಲ್ಲವೆಂದು ಯಾರು ಹೇಳಿದರೋ, ಇವತ್ತಿಗೂ ತಿಳಿದಿಲ್ಲ.

ಗೋದಾಮು

ನಾನು ಜಾಣತನ ಮಾಡಿದೆ. "ಸೇಂಗಾ ತುಂಬೀನ್ರಿ ಅಕ್ಕೋರ. ಖಾಲಿ ಆದ ದಿನ ಕೊಡ್ತೀನಿ." ದರ ಏರುತ್ತಿತ್ತು. ಖಾಲಿ ಮಾಡುವ ವಿಚಾರವೇ ನನಗಿರಲಿಲ್ಲ.

"ಆತ್ರಿ," ಎಂದರು, ಅಷ್ಟೇ.

ಗಡುವಿನ ಕೊನೆಯ ದಿನ ಸಾಹೇಬರ ಜೀಪು ನನ್ನ ಗೋದಾಮಿನ ಮುಂದೆ ನಿಂತಿತ್ತು. ಓಡಿದೆ. ಛಾವಣಿಯ ಬೆಳಕಿಂಡಿಯ ಕೆಳಗೆ, ಚೀಲಗಳ ಮೇಲೆ ಸಾಲಾಗಿ ಹುಡುಗಿಯರು. ಒಂದು ಚೀಲದ ಬಾಯಿ ಬಿಚ್ಚಿತ್ತು. ಅಕ್ಕೋರು ಲೆಕ್ಕ ಹೇಳಿಕೊಡುತ್ತಿದ್ದರು: "ಹತ್ತು ಕಾಯಿ ತೊಗೊರಿ. ನಾಕು ತಿನ್ರಿ. ಉಳದದ್ದು ಎಷ್ಟು?"

ಸಾಹೇಬರು ತಲೆ ಎಣಿಸಿ, "ಮೂವತ್ತು, ಸರಿ," ಎಂದು ಬರೆದುಕೊಂಡರು.

"ಕೀಲಿ ಯಾರು ಕೊಟ್ರು?" ಎಂದೆ ನಾನು.

ಮೂವತ್ತನೆಯ ವಿದ್ಯಾರ್ಥಿನಿ ಕೈ ಎತ್ತಿದಳು. ನನ್ನ ಹೆಂಡತಿ. ತೊಡೆ ಮೇಲೆ ಪಾಟಿ ಇತ್ತು; ಬಾಯಿ ತುಂಬ ಸೇಂಗಾ.

"ಅಕ್ಕೋರ, ಖಾಲಿ ಆದಮ್ಯಾಲ ಅಂದಿದ್ನಲ್ರಿ!"

"ಹೌದ್ರಿ, ಅದನ್ನ ಮಾಡಾಕತ್ತೀವಿ," ಎಂದರು ಅಕ್ಕೋರು. "ದಿನಾ ಎರಡು ತಾಸು ಕಳೆಯೋ ಲೆಕ್ಕ. ದೀಪಾವಳಿಗೆ ಖಾಲಿ."

ಲೆಕ್ಕದಲ್ಲಿ ನಾನೂ ಪಕ್ಕಾ. ಆ ಸಂಜೆಯೇ ಚೀಲಗಳನ್ನೆಲ್ಲ ರಾಯಚೂರಿನ ಗಂಜ್ ಮಾರುಕಟ್ಟೆಗೆ ಸಾಗಿಸಿದೆ.