ಕಬ್ಬಿಣದ ಮೇಲೆ ನನಗಿರುವ ಸಿಟ್ಟು

ನನಗೆ ಕಬ್ಬಿಣವನ್ನು ಕಂಡರೆ ಸಿಟ್ಟು. ಅದು ನನಗೆ ಕೆಟ್ಟದ್ದೇನೂ ಮಾಡಿಲ್ಲ, ಒಳ್ಳೆಯದನ್ನೂ ಮಾಡಿಲ್ಲ. ಮಾಡದ ಒಳ್ಳೆಯದಕ್ಕೆ ಹೆಸರು ತೆಗೆದುಕೊಳ್ಳುತ್ತದಲ್ಲ, ಅದಕ್ಕೆ ಸಿಟ್ಟು. ಹದಿನಾಲ್ಕನೇ ವಯಸ್ಸಿನಿಂದ ನನಗೆ ಮೂರ್ಛೆರೋಗ. ಮಾತ್ರೆ ತಪ್ಪಿಸುವುದಿಲ್ಲ, ನಿದ್ದೆಗೆಡುವುದಿಲ್ಲ. ಹಾಗಾಗಿ ಅದೂ ತನ್ನ ಪಾಡಿಗೆ ತಾನಿರುತ್ತದೆ. ಪಟಪಟನೆ ಹೊಡೆದುಕೊಳ್ಳುವ ದೀಪ ಕಂಡರೆ ಮಾತ್ರ ಎದ್ದು ಕೂರುತ್ತದೆ. ನಾನು ಬಿದ್ದಾಗ ಮಾಡಬೇಕಾದದ್ದು ಇಷ್ಟೇ: ದೀಪ ಆರಿಸಿ, ನನ್ನನ್ನು ಪಕ್ಕಕ್ಕೆ ಹೊರಳಿಸಿ, ಸುತ್ತ ಜಾಗ ಬಿಟ್ಟು ಕಾಯುವುದು. ನಮ್ಮವರು ಮಾಡುವುದೋ, “ಕಬ್ಬಿಣ ಕೊಡ್ರೋ ಕೈಗೆ!” ಎಂದು ಕೂಗುವುದು. ಎಚ್ಚರವಾದಾಗ ನನ್ನ ಮುಷ್ಟಿಯಲ್ಲಿ ಬೀರುವಿನ ಬೀಗದಕೈ ಇದ್ದದ್ದುಂಟು, ಅಡಕೆಕತ್ತರಿ ಇದ್ದದ್ದುಂಟು. ನಾದಿನಿಯ ಮದುವೆಯಲ್ಲಿ ವಿಡಿಯೋದವನ ದೀಪಕ್ಕೆ ಬಿದ್ದಾಗ ಸಿಕ್ಕಿದ್ದು ಛತ್ರದ ಸಾಂಬಾರ್ ಸೌಟು. ಸೌಟು ಹಿತ್ತಾಳೆಯದು. ಅದನ್ನೂ ಯಾರೂ ಗಮನಿಸಲಿಲ್ಲ.

ನಾನು ತರೀಕೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವವಳು, ಇದನ್ನೆಲ್ಲ ನೋಡಿಕೊಂಡು ಸುಮ್ಮನಿರುವ ಜಾತಿಯಲ್ಲ. ಅಜ್ಜಂಪುರದ ಮನೆಯಿಂದ ಸ್ಕೂಟರಿನಲ್ಲಿ ಹೋಗುವಂತಿಲ್ಲ, ಡಾಕ್ಟರು ಬೇಡವೆಂದಿದ್ದಾರೆ. ನನ್ನ ಹೊತ್ತಿಗೆ ಇರುವುದು ಒಂದೇ ಪ್ರೈವೇಟ್ ಬಸ್ಸು. ಅದು ತಪ್ಪಿದರೆ ಕೆಲಸವೇ ತಪ್ಪಿದಂತೆ. ಕಳೆದ ಮಳೆಗಾಲದಲ್ಲಿ ಆ ಬಸ್ಸಿನ ಮಾಲೀಕರಿಗೆ ಭಕ್ತಿ ಉಕ್ಕಿತು. ಡ್ರೈವರಿನ ತಲೆಯ ಮೇಲಿದ್ದ ದೇವರ ಪಟಕ್ಕೆ ಪಟಪಟನೆ ಮಿನುಗುವ ಕೆಂಪು, ನೀಲಿ, ಹಸಿರು ಸೀರಿಯಲ್ ಸೆಟ್ ಹಾಕಿಸಿಬಿಟ್ಟರು. ನಾನು ದೇವರಿಗೆ ಎದುರಾಡಿದವಳಲ್ಲ. ಆದರೆ ಆ ದೇವರಿಗಾದರೂ ಕಣ್ಣು ನೋಯುವುದಿಲ್ಲವೇ? ಕಪ್ಪು ಕನ್ನಡಕ ಹಾಕಿದೆ. ಹಿಂದಿನ ಸೀಟಿಗೆ ಹೋದೆ. ಅಲ್ಲಿಯೂ ಇನ್ನೊಂದು ಸೆಟ್ಟು! ಡಾಕ್ಟರು ಹೇಳಿಕೊಟ್ಟಂತೆ ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದು ಕೂತರೆ, ಪಕ್ಕದ ಹೆಂಗಸು ಆಪರೇಷನ್ ಯಾವಾಗಾಯಿತು ಎಂದು ವಿಚಾರಿಸಿದಳು. ಕಂಡಕ್ಟರ್ ಬಾಷಾನನ್ನು ಕೇಳಿಕೊಂಡೆ.

“ದೇವ್ರ ಲೈಟು ಮೇಡಂ, ನಾನ್ ಹೆಂಗ್ ಆರಿಸ್ಲಿ? ರುದ್ರಣ್ಣನ್ನ ಕೇಳ್ರಿ” ಎಂದ.

ಡ್ರೈವರ್ ರುದ್ರಣ್ಣ, “ಓನರ್ ಹಾಕ್ಸಿರೋದು ಕಣ್ರೀ. ಒಂದಿನ ನೋಡ್ಕೊಂಡ್ರೆ ಅಭ್ಯಾಸ ಆಗೋಯ್ತದೆ” ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಅಭ್ಯಾಸವಾಗಲಿಲ್ಲ. ಮೋಡ ಕವಿದ ಒಂದು ಬೆಳಿಗ್ಗೆ, ಅಮೃತಾಪುರ ಇನ್ನೂ ಬರುವ ಮುಂಚೆಯೇ ಬಿದ್ದೆ. ಮುಂದಿನದನ್ನು ಬಾಷಾ ಆಮೇಲೆ ಹೇಳಿದ. ಬಸ್ಸು ತುಂಬಾ “ಕಬ್ಬಿಣ, ಕಬ್ಬಿಣ” ಎಂಬ ಕೂಗೆದ್ದಾಗ ರುದ್ರಣ್ಣ ಗಾಡಿ ನಿಲ್ಲಿಸಿ, ಬಸ್ಸಿನ ಕೀಯನ್ನೇ ಕಿತ್ತು ತಂದು ನನ್ನ ಕೈಗೆ ತುರುಕಿದನಂತೆ. ಕೀ ಕಿತ್ತರೆ ಸೀರಿಯಲ್ ಸೆಟ್ಟೂ ಆರುತ್ತದೆ; ಆರಿತು. ಸ್ವಲ್ಪ ಹೊತ್ತಿಗೆ ನನ್ನ ಮೈಯ ಸೆಳೆತವೂ ನಿಂತಿತು.

ನಾನು ಯಾರು, ಎಲ್ಲಿದ್ದೇನೆ ಎಂಬುದೆಲ್ಲ ನೆನಪಾಗಿ ಎದ್ದು ಕೂತಾಗ ಮೊದಲು ಕೇಳಿಸಿದ್ದು ರುದ್ರಣ್ಣನ ಗೆಲುವಿನ ದನಿ: “ನೋಡಿದ್ರಾ, ಕೀ ಕೊಟ್ಟೆ, ನಿಂತೋಯ್ತು!” ಬಸ್ಸಿನ ಅಷ್ಟೂ ತಲೆಗಳು ಹೌದೆಂದು ಆಡಿದವು. ತಿಂಗಳುಗಟ್ಟಲೆ ಗೋಗರೆದರೂ ಆರಿಸದ ದೀಪ ಈಗ ಆರಿದೆ, ಹೆಸರು ಮಾತ್ರ ಕಬ್ಬಿಣಕ್ಕೆ! ತಲೆ ಸಿಡಿಯುತ್ತಿತ್ತು, ನಾಲಿಗೆ ಕಚ್ಚಿಕೊಂಡಿದ್ದೆ. ಆದರೂ ಬಿಡಲಿಲ್ಲ. ನಿಂತದ್ದು ಕೀಯಿಂದಲ್ಲ, ಕೀಯಲ್ಲಿ ಏನೂ ಇಲ್ಲ, ಬಿಡಿಸಬೇಕಾದದ್ದು ಆ ದೀಪದ ವೈರನ್ನು ಎಂದು ಒಂದು ಪೂರ್ತಿ ಪಿರಿಯಡ್ಡಿನ ಪಾಠವನ್ನೇ ಮಾಡಿದೆ. ವೈರು ಬಿಚ್ಚುವವರೆಗೆ ಕೀ ಕೊಡುವುದಿಲ್ಲ ಎಂದು ಮುಷ್ಟಿಯನ್ನು ಎದೆಗೊತ್ತಿಕೊಂಡೆ. ಕೋರ್ಟಿಗೆ ಹೊರಟಿದ್ದವರೊಬ್ಬರು ಕೈಮುಗಿದರು. ನಾನು ಜಗ್ಗಲಿಲ್ಲ.

ಬಾಷಾ ತಲೆ ಕೆರೆದುಕೊಂಡ. “ಅಲ್ಲ ಮೇಡಂ, ಕೀನಲ್ಲಿ ಏನೂ ಇಲ್ಲ ಅಂತೀರ. ಮತ್ತೆ ಅದನ್ನ ಬಿಡ್ತಾನೇ ಇಲ್ವಲ್ಲ!”

ಬಸ್ಸೆಲ್ಲ ನಕ್ಕಿತು. ನಗದೇ ಇದ್ದವಳು ನಾನೊಬ್ಬಳೇ. ರುದ್ರಣ್ಣ ಹಿಂದಿನದು, ಮುಂದಿನದು ಎರಡೂ ಸೆಟ್ಟಿನ ವೈರು ಕಿತ್ತ. ಇವತ್ತಿಗೂ ಆ ಬಸ್ಸಿನ ದೇವರು ಮಿನುಗದೆ ನೆಮ್ಮದಿಯಾಗಿದ್ದಾನೆ.

ಆದರೆ ಕಡೂರಿಗೋ ಇನ್ನೆಲ್ಲಿಗೋ ಬೇರೆ ಬಸ್ಸು ಹತ್ತಬೇಕಲ್ಲ. ಅಲ್ಲೆಲ್ಲ ಮೊದಲು ನರಮಂಡಲ, ಮಿದುಳು ಎಂದು ವಿವರಿಸಿ ನೋಡಿದೆ. ಒಬ್ಬನೂ ಸ್ವಿಚ್ಚು ಮುಟ್ಟಲಿಲ್ಲ. ಈಗ ಹಳೆಯ ಬಾಗಿಲಿನ ಗೇಣುದ್ದದ ಬೀಗದಕೈಯೊಂದನ್ನು ಚೀಲದಲ್ಲಿಟ್ಟುಕೊಂಡಿದ್ದೇನೆ. ಬಸ್ಸು ಹತ್ತಿದೊಡನೆ ಅದನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಕೂರುತ್ತೇನೆ. ಕಬ್ಬಿಣ ಕಂಡೊಡನೆ ಮೂರ್ಛೆಯವಳೆಂದು ಕಂಡಕ್ಟರಿಗೆ ಹೆದರಿಕೆ; ದೀಪದತ್ತ ಬೆರಳು ತೋರಿಸಿದರೆ ಸಾಕು, ಆರುತ್ತದೆ. ಯಾರಾದರೂ, “ಕಬ್ಬಿಣ ಇದ್ರೆ ಬರಲ್ಲ ಅಲ್ವಾ ಮೇಡಂ?” ಎಂದರೆ, ವಿಜ್ಞಾನದ ಮೇಡಂ ಕಿಟಕಿಯಾಚೆ ನೋಡುತ್ತಾರೆ.