ಹಿತ್ತಾಳೆ ಬಂದೂಕು, ಹುಣಸೆ ಗೊಜ್ಜು

2025ರ ಅಕ್ಟೋಬರ್ 11, ಶನಿವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ, ಯೂನಿಯನ್ ಸಿಟಿಯ ತನ್ನ ಮನೆಯ ಅಡುಗೆಕೋಣೆಯಲ್ಲಿ ತಿರುಮಲೇಶ ಒಂದು ಸಣ್ಣ ಸುಳ್ಳು ಹೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಆದರೆ ಅವನು ಅಳತೆಯ ಮನುಷ್ಯ. ಸ್ಯಾನ್ ಮಟಿಯೋದ ಕಂಪನಿಯೊಂದರಲ್ಲಿ ಲೋಹದ ಲೇಪಗಳ ದಪ್ಪ ಅಳೆಯುವುದು ಅವನ ಕೆಲಸ. ಕೂದಲೆಳೆಯ ಸಾವಿರದಲ್ಲೊಂದು ಪಾಲು ಹೆಚ್ಚುಕಡಿಮೆಯಾದರೂ ಅವನಿಗೆ ಊಟ ಸೇರದು. ಹಾಗಾಗಿ ಊರಿಂದ ಬಂದಿದ್ದ ತಾಯಿ ನಂಜಮ್ಮ, "ಇಷ್ಟೊತ್ಗೇ ಎತ್ಲಾಗ್ಲಾ ಹೊಂಟೆ?" ಎಂದಾಗ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟ.

"ಕೌಬಾಯ್ ಶೂಟಿಂಗ್‌ಗೆ ಅಮ್ಮ."

"ಅಂಗಂದ್ರೆ?"

ಬಟ್ಟಲಿನಲ್ಲಿ ಸೀರಿಯಲ್ ಕಲಸುತ್ತಿದ್ದ ಮಗಳು ಇಂಚರಾಗೆ ಅಜ್ಜಿಯ ಮುಂದೆ ಕನ್ನಡ ತೋರಿಸುವ ಅವಕಾಶ ದಿನಾ ಸಿಗುವುದಿಲ್ಲ. "ಕೌ ಅಂದ್ರೆ ದನ ಅಜ್ಜಿ. ಬಾಯ್ ಅಂದ್ರೆ ಹುಡ್ಗ. ಸೋ... ದನ ಕಾಯೋ ಹುಡ್ಗ. ದಟ್ಸ್ ಇಟ್!"

ಪುಳಿಯೋಗರೆಗೆ ಒಗ್ಗರಣೆ ಹಾಕುತ್ತಿದ್ದ ನಂಜಮ್ಮನ ಸೌಟು ಬಾಣಲೆಯಲ್ಲೇ ನಿಂತಿತು. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ಆಕೆ ಈ ಮಗನನ್ನು ಒಂದನೇ ಕ್ಲಾಸಿನಿಂದ ಡಾಕ್ಟರೇಟಿನವರೆಗೆ ಎಳೆದು ತಂದದ್ದು ಒಂದೇ ಒಂದು ಬೆದರಿಕೆಯ ಮೇಲೆ: ಓದದಿದ್ದರೆ ದನ ಕಾಯೋಕೆ ಹಾಕ್ತೀನಿ.

"ಓದೋದೆಲ್ಲಾ ಓದಿ, ಅಮೇರಿಕಾಕ್ಕೆ ಬಂದು, ನಲ್ವತ್ತಾರು ವರ್ಸಕ್ಕೆ ದನ ಕಾಯಕ್ಕೆ ಹೊಂಟ್ಯೇನ್ಲಾ?"

"ದನ ಇಲ್ಲಮ್ಮ ಅಲ್ಲಿ. ಹಳೇ ಕಾಲದ ಬಟ್ಟೆ ಹಾಕ್ಕೊಂಡು, ಹಳೇ ಕಾಲದ ಬಂದೂಕಲ್ಲಿ ಕಬ್ಬಿಣದ ತಟ್ಟೆಗೆ ಗುರಿಯಿಟ್ಟು ಹೊಡೆಯೋದು. ಆಟ."

"ದನಾನೂ ಇಲ್ವಾ? ಥೂ!" ಎಂದಳು ನಂಜಮ್ಮ. ಆಮೇಲೆ ಗೊಜ್ಜನ್ನು ಸ್ಟೀಲ್ ಡಬ್ಬಿಗೂ ಅನ್ನವನ್ನು ಇನ್ನೊಂದಕ್ಕೂ ತುಂಬಿ, "ನಡಿ, ನಾನೂ ಬತ್ತೀನಿ. ಅದೇನು ಕಾಯ್ತೀಯೋ ನೋಡೇಬುಡಾನ" ಎಂದು ಸೆರಗು ಸಿಕ್ಕಿಸಿದಳು.

ಹೆಂಡತಿ ಹೇಮಶ್ರೀ ಬಾಗಿಲಿಗೊರಗಿ ನಕ್ಕಳು. ಆದರೆ ನಗುವಿನ ಹಿಂದೆ ಒಂದು ಗಡುವಿತ್ತು. ಆರು ತಿಂಗಳಿಂದ ತಿರುಮಲೇಶ ಒಂದು ಬಂದೂಕು ಆರಿಸುತ್ತಿದ್ದ. ಕೆಳಗಿನ ಲಿವರನ್ನು ಒಮ್ಮೆ ತಳ್ಳಿ ಎಳೆದರೆ ಖಾಲಿ ತೋಟಾ ಮೇಲಕ್ಕೆ ಹಾರಿ ಹೊಸದು ಒಳಗೆ ಕೂರುವ ಹಳೇ ಮಾದರಿಯದು. ಅದರಲ್ಲಿ ಎರಡು ಬಗೆ: 1866ರ ಮಾದರಿಗೆ ಹಿತ್ತಾಳೆಯ ಒಡಲು, 1873ರದಕ್ಕೆ ಉಕ್ಕಿನದು. ತೂಕ, ಉದ್ದ, ಲಿವರ್ ಚಲಿಸುವ ದೂರ, ಉಕ್ಕು ಹಿಗ್ಗುವ ಪ್ರಮಾಣ, ಎಲ್ಲವನ್ನೂ ಹೋಲಿಸಿ ಅವನು ಸೋಮವಾರ ಹಿತ್ತಾಳೆಯೇ ಸರಿಯೆಂದರೆ ಗುರುವಾರದ ಹೊತ್ತಿಗೆ ಉಕ್ಕೇ ಸರಿಯೆನ್ನುತ್ತಿದ್ದ. ಮನೆಮಂದಿಗೆಲ್ಲ ಕಿವಿ ತೂತಾಗಿತ್ತು.

"ನೋಡ್ರಿ," ಎಂದಳು ಹೇಮಶ್ರೀ, "ಇವತ್ತು ಯಾವ್ದೋ ಒಂದು ಫೈನಲ್ ಮಾಡ್ಕೊಂಡು ಬನ್ನಿ. ಬರೀ ಕೈಲಿ ಬಂದ್ರೆ, ಇಂಚರಾ ಕಾಲೇಜು ಸೇರೋವರೆಗೂ ಈ ಮನೇಲಿ ಬಂದೂಕು ಅನ್ನೋ ಪದ ಕೇಳಬಾರ್ದು. ಶನಿವಾರ ಬೆಳಿಗ್ಗೆ ಬೆರ್ರಿಯೆಸಾಕ್ಕೆ ಡ್ಯಾನ್ಸ್ ಕ್ಲಾಸಿಗೆ ಬಿಡೋದು ನೀವೇ."

ಆಟದ ನಿಯಮದಂತೆ ತಿರುಮಲೇಶ ಅಗಲ ಟೋಪಿ, ವೇಸ್ಟ್‌ಕೋಟು, ಕತ್ತಿಗೆ ಕೆಂಪು ರುಮಾಲು ತೊಟ್ಟಿದ್ದ. ಟೋಪಿ ಅವನ ತಲೆಯ ಮೇಲೆ ಮಗುಚಿಟ್ಟ ಬಾಂಡ್ಲಿಯಂತೆ ಕೂತಿತ್ತು. ಹೊರಗೆ ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಪಕ್ಕದ ಮನೆಯ ಅಡಿವೆಪ್ಪ ಹಲ್ಲುಜ್ಜುತ್ತಲೇ ಬೇಲಿಗೆ ಬಂದರು. ಹುಬ್ಬಳ್ಳಿಯವರು, ನೆಟ್‌ವರ್ಕ್ ಇಂಜಿನಿಯರು, ಬೀದಿಯಲ್ಲಿ ಕಾರು ಸ್ಟಾರ್ಟ್ ಆದರೆ ಎಲ್ಲಿಗೆಂದು ತಿಳಿಯದೆ ಚಹಾ ಕುಡಿಯುವವರಲ್ಲ.

"ಏನ್ರೀ ತಿರುಮಲೇಶ, ಯಾ ನಾಟಕದಾಗ ಪಾರ್ಟು?"

"ದನ ಕಾಯೋ ಪಾಲ್ಟು ಕಣಪ್ಪ," ಎಂದಳು ನಂಜಮ್ಮ ಮುಂದಿನ ಸೀಟಿನಿಂದ.

"ಭಾರೀ ಆತಲ್ರೀ! ತಡೀರಿ, ಬಾಯಿ ತೊಳಕೊಂಡು ಬಂದೆ."

ಫ್ರೀವೇ ಬಿಟ್ಟು ಬೆಟ್ಟದ ದಾರಿ ಹಿಡಿದಾಗ ಒಣಗಿ ಹೊಂಬಣ್ಣವಾಗಿದ್ದ ಹುಲ್ಲಿನ ಇಳಿಜಾರಿನಲ್ಲಿ ಕಪ್ಪು ದನಗಳ ಹಿಂಡೊಂದು ಕಂಡಿತು. "ಅಗೋ ದನ!" ಎಂದು ನಂಜಮ್ಮ ಕಿಟಕಿಗೆ ಮುಖ ಒತ್ತಿದಳು. "ಕಾಯೋರು ಒಬ್ರೂ ಇಲ್ವಲ್ಲಾ?" ಇನ್ನೊಂದು ತಿರುವು ಕಳೆದು ಮೈದಾನ ತಲುಪಿದರೆ, ಅಲ್ಲಿ ಟೋಪಿ, ಬೂಟು, ಲಗಾಮಿನಂಥ ಬೆಲ್ಟು ತೊಟ್ಟ ಮೂವತ್ತು ಜನ. "ಕಾಯೋರೆಲ್ಲಾ ಇಲ್ಲವ್ರೆ. ದನ ಅಲ್ಲಿ, ಇವ್ರು ಇಲ್ಲಿ. ಎಂಥಾ ಊರಪ್ಪ ಇದು!"

ಬಂದೂಕು ಮಾರಲಿದ್ದವರು ವಾಲ್ಟರ್, ಎಪ್ಪತ್ತೆರಡರ ನಿವೃತ್ತ ದಂತವೈದ್ಯರು. ಅವರ ಹತ್ತಿರ ಎರಡೂ ಮಾದರಿಗಳಿದ್ದವು. ಮೊಣಕೈ ನೋವಿನಿಂದ ಎರಡನ್ನೂ ಕೊಟ್ಟುಬಿಡುವ ಮನಸ್ಸು ಮಾಡಿದ್ದರು. ತಿರುಮಲೇಶ ಅವರ ಕಣ್ಣೆದುರಿಗೇ ಎರಡರಲ್ಲೂ ಹತ್ತು ಹತ್ತು ಗುಂಡು ಹೊಡೆದ. ಎರಡರಲ್ಲೂ ಏಳೇಳು ತಟ್ಟೆ ಠಣ್ ಎಂದವು. ಅಲ್ಲಿಗೆ ವಿಜ್ಞಾನ ಕೈಚೆಲ್ಲಿತು.

"ನಿಧಾನವಾಗಿ ಯೋಚಿಸು," ಎಂದರು ವಾಲ್ಟರ್. ಖಾಲಿ ಮಾಡಿ, ಲಿವರ್ ತೆರೆದಿಟ್ಟ ಹಿತ್ತಾಳೆ ಬಂದೂಕನ್ನು ನೆರಳಿನ ಮೇಜಿನ ಮೇಲೆ ಮಲಗಿಸಿದರು. "ನನ್ನ ಸರದಿ ಬಂತು, ಉಕ್ಕಿನದು ನನ್ನ ಜೊತೆಗಿರಲಿ. ಇದನ್ನು ನೋಡಿಕೊ. ಈ ಹಿತ್ತಾಳೆಯ ಕಪ್ಪು ಇದೆಯಲ್ಲ, ಇದು ಮೂವತ್ತು ವರ್ಷದ ಬಣ್ಣ. ದುಡ್ಡು ಕೊಟ್ಟರೂ ಸಿಗುವುದಿಲ್ಲ."

ತಿರುಮಲೇಶ ಗರ್ಭಗುಡಿಯ ಕಾವಲಿಗೆ ನಿಂತವನಂತೆ ನಿಂತ. ಐದು ನಿಮಿಷ ಸರಿಯಾಗಿ ನಿಂತ. ಆಮೇಲೆ ಬಾಯಾರಿ, ಕಾರಿನಿಂದ ನೀರಿನ ಬಾಟಲಿ ತರಲು ಹೋದ.

ಕಿವಿಗೆ ಗಿಂಡಿ ಕವುಚಿಕೊಂಡಂಥ ಇಯರ್‌ಮಫ್ ಧರಿಸಿ, ನಂಜಮ್ಮ ಅದೇ ಮೇಜಿನಲ್ಲಿ ಅನ್ನಕ್ಕೆ ಗೊಜ್ಜು ಕಲಸುತ್ತಿದ್ದಳು. ಕಲಸುತ್ತಾ ಕಲಸುತ್ತಾ ಕಣ್ಣು ಆ ಹಿತ್ತಾಳೆಯ ಮೇಲೆ ಬಿತ್ತು. ಜೀವಮಾನವೆಲ್ಲ ದೀಪದ ಕಂಬ, ಚೊಂಬು, ಹಂಡೆ ಬೆಳಗಿದ ಕೈ. ಅದಕ್ಕೆ ಕಪ್ಪಾದ ಹಿತ್ತಾಳೆ ಕಂಡರೆ ಹಸಿದ ಮಗು ಕಂಡ ಹಾಗೆ.

"ಅಯ್ಯೋ, ಹಿಂಗಾ ಮಡಿಕ್ಕೊಳೋದು ಸಾಮಾನ?" ಎಂದು ಗೊಜ್ಜಿನ ಹೆಬ್ಬೆರಳಿನಿಂದ ಒಂದು ಸಲ ಒರೆಸಿದಳು. ಇನ್ನೊಂದು ಸಲ ಉಜ್ಜಿದಳು.

ತಿರುಮಲೇಶ ಬಾಟಲಿ ಹಿಡಿದು ಬಂದಾಗ ಮೂವತ್ತು ವರ್ಷದ ಕಪ್ಪಿನ ನಟ್ಟನಡುವೆ ಹೆಬ್ಬೆಟ್ಟಿನಗಲದ ಬಂಗಾರ ಹೊಳೆಯುತ್ತಿತ್ತು. ಹುಣಸೆಯ ಹುಳಿ, ಉಪ್ಪು, ತಾಮ್ರದ ಆಕ್ಸೈಡು; ಏನಾಗಿದೆಯೆಂದು ಅವನಿಗೆ ಸಮೀಕರಣ ಸಮೇತ ಗೊತ್ತಿತ್ತು. ಹಿಂದಕ್ಕೆ ಹೇಗೆ ತರುವುದೆಂದು ಮಾತ್ರ ಗೊತ್ತಿರಲಿಲ್ಲ.

"ಅಮ್ಮಾ! ಏನ್ ಮಾಡ್ದೆ!"

"ಬೆಳಗ್ದೆ ಕಣ್ಲಾ. ಪುಣ್ಯ ಬರ್ಲಿ."

ಅಡಿವೆಪ್ಪ ಬಗ್ಗಿ ನೋಡಿ, ವೈದ್ಯರಂತೆ ತಲೆಯಾಡಿಸಿದರು. "ಮಣ್ಣ ಹಚ್ರಿ. ಹೊಸಾದ್ನ ಹಳೇದು ಮಾಡೂದು ಮಣ್ಣs."

ಮಣ್ಣು ಹಚ್ಚಿದರು. ಕತ್ತಿನ ರುಮಾಲು ಬಿಚ್ಚಿ ಒರೆಸಿದರೆ ಗುರುತು ಮೊದಲಿಗಿಂತ ಹೆಚ್ಚು ಹೊಳೆಯಿತು. ನಂಜಮ್ಮ, "ಮಣ್ಣಲ್ಲೇ ಕಣಪ್ಪ ನಾವು ಹಂಡೆ ಉಜ್ಜೋದು" ಎಂದಳು, ತಡವಾಗಿ.

ಹಾಗಿದ್ದರೆ ಗುರುತಿನ ಅಂಚನ್ನು ಸ್ವಲ್ಪ ಮಬ್ಬು ಮಾಡಿ ಸುತ್ತಲಿನ ಕಪ್ಪಿಗೆ ಬೆರೆಸೋಣವೆಂದು ತಿರುಮಲೇಶ ರುಮಾಲಿನ ತುದಿಯನ್ನು ಗೊಜ್ಜಿಗೆ ಅದ್ದಿದ. ಅದು ಮೀಸೆ ಸಮ ಮಾಡಲು ಹೊರಟ ಕತೆಯಾಯಿತು. ಎಡಗಡೆ ಹೆಚ್ಚಾಯಿತೆಂದು ಬಲಗಡೆ, ಬಲಗಡೆ ಹೆಚ್ಚಾಯಿತೆಂದು ಎಡಗಡೆ. ಕೊನೆಗೆ ಒಂದು ಮಗ್ಗುಲು ಪೂರ್ತಿ ಹೊಳೆಯಿತು, ಇನ್ನೊಂದು ಮಗ್ಗುಲು ಮೂವತ್ತು ವರ್ಷ ಹಿಂದೆ ಉಳಿಯಿತು.

"ಈಗ ಒಂದೇ ದಾರಿ. ಪೂರ್ತಿ ಮಾಡಿಬಿಡೋದು," ಎಂದ ತಿರುಮಲೇಶ. "ಅಡಿವೆಪ್ಪನೋರೆ, ನಿಮ್ಮ ಕಾಲಿಗೆ ಬೀಳ್ತೀನಿ. ವಾಲ್ಟರ್‌ನ ಸ್ವಲ್ಪ ಹೊತ್ತು ಅಲ್ಲೇ ನಿಲ್ಸಿ. ಏನಾದ್ರೂ ಮಾತಾಡಿ."

"ಏನ್ ಮಾತಾಡ್ಲಿ?"

"ಏನಾದ್ರೂ! ಬಂದೂಕಿನ ವಿಷ್ಯಾನೇ ಮಾತಾಡಿ!"

"ಮಾತಿಗೇನ್ರೀ ಬರ," ಎಂದು ಅಡಿವೆಪ್ಪ ಹೊರಟರು.

ತಿರುಮಲೇಶ ಉಜ್ಜಿದ. ತಿರುಪುಗಳ ಸುತ್ತ ಉಜ್ಜಿದ, ಮೂಲೆಮೂಲೆ ಉಜ್ಜಿದ. ನಂಜಮ್ಮ ತುತ್ತು ನುಂಗುತ್ತಾ, "ಆ ಸಂದಿ ಬುಟ್ಟೆ... ಅದ್ರ ಕೆಳೀಕೆ..." ಎಂದು ಮೇಲ್ವಿಚಾರಣೆ ಮಾಡಿದಳು. ನೀರೆರೆದು ಒರೆಸಿದಾಗ ಒಂದು ವಿಚಿತ್ರ ನಡೆಯಿತು. ಆರು ತಿಂಗಳು ಅಂಕಿಗಳಲ್ಲಿ ಸಿಗದ ಉತ್ತರ ಅಂಗೈಗೆ ಸಿಕ್ಕಿತು. ಆ ಒಡಲಿನ ದುಂಡು, ಬಿಸಿಲಿಗೆ ಬೆಚ್ಚಗಾದ ಲೋಹ, ಬೆಳಗಿದಷ್ಟೂ ಬರುವ ಬಣ್ಣ. ಇದೇ. ಇನ್ನು ಬೇರೆ ಬೇಡ. ಹೆಣ್ಣು ನೋಡಲು ಹೋದಾಗಲೂ ಅವನಿಗೆ ಇಷ್ಟು ಖಚಿತವಾಗಿರಲಿಲ್ಲ; ಆಗ ಎರಡು ವಾರ ಸಮಯ ಕೇಳಿದ್ದ.

ಈ ಭಾವಾವೇಶದಲ್ಲಿ, ರುಮಾಲಿಗೆ ಅಂಟಿದ್ದ ಗೊಜ್ಜಿನ ಕಡಲೇಬೀಜವೊಂದು ಬಂದೂಕಿನ ಪಕ್ಕದಲ್ಲಿ ತೋಟಾ ತುಂಬುವ ಕಿಂಡಿಯೊಳಗೆ ಜಾರಿದ್ದು ಅವನ ಗಮನಕ್ಕೆ ಬರಲಿಲ್ಲ.

ವಾಲ್ಟರ್ ಬಂದರು. ಹಿಂದೆ ಅಡಿವೆಪ್ಪ, ಯಾಕೋ ತುಂಬಾ ಸಂತೋಷವಾಗಿದ್ದರು. ವಾಲ್ಟರ್ ಮೇಜಿನ ಮುಂದೆ ನಿಂತು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿದರು. ಬಂದೂಕನ್ನೆತ್ತಿ ಮೂಸಿದರು. ಮೂತಿಯನ್ನು ಗುಡ್ಡದ ಕಡೆಗೆ ತಿರುಗಿಸಿ, ಲಿವರನ್ನು ಒಮ್ಮೆ ಮುಚ್ಚಿ ಝಟ್ಟನೆ ತೆರೆದರು.

ಟಪ್ಪೆಂದು ಕಡಲೇಬೀಜ ಮೇಲಕ್ಕೆ ಹಾರಿ, ಗಾಳಿಯಲ್ಲೊಂದು ಕಮಾನು ಬರೆದು, ಅವರ ಟೋಪಿಯ ಅಂಚಿನ ಮೇಲೆ ಬಂದು ಕೂತಿತು.

ವಾಲ್ಟರ್ ಬೀಜವನ್ನು ಎರಡು ಬೆರಳಿನಲ್ಲಿ ತೆಗೆದು, ಹಲ್ಲು ನೋಡುವವರಂತೆ ಬೆಳಕಿಗೆ ಹಿಡಿದು ನೋಡಿ, ಬಾಯಿಗೆ ಹಾಕಿಕೊಂಡರು.

"ಉಪ್ಪು, ಹುಳಿ, ಖಾರ," ಎಂದರು. "ಇದರಲ್ಲೇ ಉಜ್ಜಿದೆಯಾ?"

"ಕ್ಷಮಿಸಿ," ಎಂದ ತಿರುಮಲೇಶ. "ನಿಮ್ಮ ಮೂವತ್ತು ವರ್ಷದ ಬಣ್ಣ..."

"ಬಣ್ಣವೆಲ್ಲಿ ಬಂತು! ಅದು ಸೋಮಾರಿತನ. ಮಾರುವಾಗ ಏನಾದರೂ ಚಂದದ ಹೆಸರು ಹೇಳಬೇಕಲ್ಲ." ಅವರು ಹೊಳೆಯುವ ಹಿತ್ತಾಳೆಯಲ್ಲಿ ತಮ್ಮ ಮುಖ ನೋಡಿಕೊಂಡರು. "ನಲವತ್ತು ವರ್ಷ ಊರ ಜನರ ಹಲ್ಲು ಬೆಳಗಿದೆ, ಇಷ್ಟು ಹೊಳಪು ತರಲಿಲ್ಲ. ಇದು ನನ್ನ ಹೆಂಡತಿ ಐರೀನ್ ಕೊಡಿಸಿದ್ದು. ಕೊಡಿಸಿದ ದಿನ ಹೀಗೇ ಇತ್ತು."

ತಿರುಮಲೇಶನ ಎದೆ ಹಗುರಾಯಿತು. ಜೀವನದಲ್ಲಿ ಮೊದಲ ಬಾರಿಗೆ ಅವನು ಲೆಕ್ಕ ಹಾಕದೆ ಮಾತಾಡಿದ. "ನನ್ನ ತೀರ್ಮಾನ ಆಯಿತು. ಇದನ್ನೇ ತಗೊಳ್ತೀನಿ."

"ಇದನ್ನಾ?" ವಾಲ್ಟರ್ ಬಂದೂಕನ್ನು ಎದೆಗವುಚಿಕೊಂಡರು. "ಇನ್ನು ಇದನ್ನು ಮಾರುವುದುಂಟೇ? ಮೊಣಕೈ ಹೋದರೆ ಹೋಗಲಿ, ಗೋಡೆಗಾದರೂ ತೂಗುಹಾಕಿಕೊಳ್ಳುತ್ತೇನೆ."

ತಿರುಮಲೇಶನಿಗೆ ಹೇಮಶ್ರೀಯ ಗಡುವು ನೆನಪಾಯಿತು. ಹೋಗಲಿ, ಬರಿಗೈಯಲ್ಲಂತೂ ಹೋಗುವಂತಿಲ್ಲ. "ಹಾಗಾದರೆ ಉಕ್ಕಿನದು..."

ವಾಲ್ಟರ್ ಅಡಿವೆಪ್ಪನವರ ಮುಖ ನೋಡಿದರು. ಅಡಿವೆಪ್ಪ ಆಕಾಶ ನೋಡಿದರು.

"ಅಡಿವೆಪ್ಪನೋರೆ?"

"ಅಲ್ರೀ, ನೀವs ಹೇಳಿದ್ರಲ್ಲ, ಮಾತಾಡಿ ನಿಲ್ಲಸ್ರಿ ಅಂತ. ಮನಷ್ಯಾ ನಿಲ್ಲಬೇಕಂದ್ರ ಏನರೆ ವ್ಯಾಪಾರ ಹಚ್ಚಬೇಕಲ್ರೀ? ಒಮ್ಮೆ ಕೈಯಾಗ ಹಿಡದ್ ನೋಡಿದೆ, ಚಲೋ ಕುಂತಿತು. ಆತು ಅಂದೆ. ಇಲ್ಲೆ ಬಂದೂಕ ತಗೋಬೇಕಂದ್ರ ಪರೀಕ್ಷಾ ಬರೀಬೇಕಂತ, ಡೀಲರ್ ಕಡೆ ಹೋಗಿ ಹತ್ ದಿನಾ ಕಾಯಬೇಕಂತ. ಕಾಯೂಣು, ಅದಕ್ಕೇನು." ಸ್ವಲ್ಪ ತಡೆದು ಸಮಾಧಾನವನ್ನೂ ಹೇಳಿದರು: "ನಿಮಗ ಬೇಕಾದಾಗ ಬಂದು ನೋಡಿ ಹೋಗ್ರಿ. ಬಾಜೂ ಮನೀನs ಅಲ್ಲ?"

ಅಷ್ಟರಲ್ಲಿ ಹಿತ್ತಾಳೆಯ ಸುದ್ದಿ ಮೈದಾನಕ್ಕೆಲ್ಲ ಹಬ್ಬಿತ್ತು. ಒಬ್ಬ ಬೆಲ್ಟಿನ ಬಕಲ್ ತಂದ, ಇನ್ನೊಬ್ಬಳು ಕುದುರೆ ತಿವಿಯುವ ಬೂಟಿನ ಮುಳ್ಳುಗಾಲಿ ತಂದಳು. ಹಿಂದೆಯೇ ಬಂದವು ಖಾಲಿ ತೋಟಾಗಳು. ಈ ಆಟದವರು ಹೊಡೆದ ತೋಟಾದ ಹಿತ್ತಾಳೆಯನ್ನು ಎಸೆಯುವುದಿಲ್ಲ. ತೊಳೆದು ಮತ್ತೆ ತುಂಬುತ್ತಾರೆ. ತೊಳೆಯುವುದೇ ಎಲ್ಲರಿಗೂ ಬೇಸರ. ನಂಜಮ್ಮ ಒಂದು ತೋಟಾವನ್ನು ಗೊಜ್ಜಿನಲ್ಲಿ ಹೊರಳಿಸಿ ತೋರಿಸಿದ್ದೇ ತಡ, ಕೌಬಾಯ್‌ಗಳು ಟೋಪಿ ತೆಗೆದು ಸಾಲಾಗಿ ನಿಂತರು. ಈ ಕ್ಲಬ್ಬಿನಲ್ಲಿ ಪ್ರತಿಯೊಬ್ಬರಿಗೂ ಒಂದು ಅಡ್ಡಹೆಸರಿರಬೇಕು. ನಂಜಮ್ಮನಿಗೆ ಅಲ್ಲೇ ಕರತಾಡನದೊಂದಿಗೆ 'ಟ್ಯಾಮರಿಂಡ್ ಕ್ವೀನ್' ಎಂದು ನಾಮಕರಣವಾಯಿತು.

"ಏನಂತವ್ರೆ?" ಎಂದಳು ಆಕೆ.

"ಹುಣಸೆಹಣ್ಣಿನ ಮಹಾರಾಣಿ ಅಂತಿದಾರಮ್ಮ. ಎಲ್ಲಾ ತೋಟಾನೂ ಬೆಳಗಿ ಕೊಡ್ತೀರಾ ಅಂತ ಕೇಳ್ತಿದಾರೆ."

"ಅದಕ್ಕೇನಂತೆ!" ನಂಜಮ್ಮ ಧಾರಾಳವಾಗಿ ಕೈಯೆತ್ತಿದಳು. "ನಮ್ಮ ಹೈದ ಉಜ್ಜಿ ಕೊಡ್ತಾನೆ ಅನ್ನು."

ಸಂಜೆ ಹೇಮಶ್ರೀ ಬಾಗಿಲು ತೆರೆದಾಗ ಗಂಡನ ಎರಡು ಕೈಯಲ್ಲೂ ಎರಡು ಗ್ರೋಸರಿ ಚೀಲಗಳು ಜೋತಾಡುತ್ತಿದ್ದವು.

"ಫೈನಲ್ ಆಯ್ತಾ?"

"ಆಯ್ತು. ಹಿತ್ತಾಳೇದೇ ಸರಿ."

"ಎಲ್ಲಿ?"

ಅವನು ಚೀಲಗಳನ್ನು ನೆಲಕ್ಕಿಟ್ಟ. ಝಲ್ಲೆಂದಿತು.

"ನೋಡು ಏಮಾ," ಎಂದಳು ನಂಜಮ್ಮ ಚಪ್ಪಲಿ ಬಿಡುತ್ತಾ, ದಿನವೆಲ್ಲ ಸಾರ್ಥಕವಾದ ದನಿಯಲ್ಲಿ, "ಓದ್ದೇ ಇದ್ದಿದ್ರೆ ದನ ಕಾಯ್ತಿದ್ದ. ಓದ್ಸಿದ್ದಕ್ಕೆ ಪಾತ್ರೆ ಉಜ್ಜೋ ಕೆಲ್ಸ ಸಿಕ್ತು."

ಹೇಮಶ್ರೀ ನಕ್ಕೂ ನಕ್ಕೂ ಗೋಡೆ ಹಿಡಿದಳು. ಆಮೇಲೆ ಕಣ್ಣೊರೆಸಿಕೊಂಡು, ಮುಂದಿನ ಶನಿವಾರ ಡ್ಯಾನ್ಸ್ ಕ್ಲಾಸು ಎಂಟೂವರೆಗೆ ಎಂದು ನೆನಪಿಸಿದಳು. ಪಕ್ಕದ ಮನೆಯಿಂದ ಅಡಿವೆಪ್ಪನವರು ಫೋನಿನಲ್ಲಿ ಯಾರಿಗೋ ಲಿವರ್ ಹೇಗೆ ಎಳೆಯುವುದೆಂದು ವಿವರಿಸುತ್ತಿದ್ದದ್ದು ಕಿಟಕಿಯಲ್ಲಿ ಕೇಳುತ್ತಿತ್ತು.

ತಿರುಮಲೇಶ ಗರಾಜಿನಲ್ಲಿ ಬಕೆಟ್ಟಿಟ್ಟು ಹುಣಸೆಹಣ್ಣು ನೆನೆಹಾಕಿದ. ಮೊದಲ ಹಿಡಿ ತೋಟಾ ನೀರಿನಿಂದ ಬಂಗಾರವಾಗಿ ಮೇಲೆ ಬಂದಾಗ, ಹೇಳಬಾರದು, ಅವನಿಗೆ ಸ್ವಲ್ಪ ಖುಷಿಯೇ ಆಯಿತು. ಆದರೆ ಅಳತೆಯಿಲ್ಲದೆ ಕೆಲಸಕ್ಕೆ ಇಳಿಯುವವನಲ್ಲವಲ್ಲ. ಉಳಿದದ್ದಕ್ಕೆ ಕೈಹಾಕುವ ಮುಂಚೆ, ಊರಿಗೆ ಹೋಗುವಾಗ ಸೂಟ್‌ಕೇಸು ತೂಗುವ ತಕ್ಕಡಿ ತಂದು ಎಲ್ಲವನ್ನೂ ಒಟ್ಟಿಗೆ ತೂಗುಹಾಕಿ ನೋಡಿದ. ಹನ್ನೊಂದು ಕಿಲೋ ಮುನ್ನೂರ ಅರವತ್ತು ಗ್ರಾಂ.