ತುದಿಯ ಲೋಟ

ಕ್ಯಾಲ್ಕುಲೇಟರ್ ತಯಾರಿಸುವ ಈ ಸಂಸ್ಥೆಯಲ್ಲಿ, ಕೆಲಸದ ಮೇಲೆ ಬೇರೆ ಕೋಣೆಗೆ ಹೋದ ನೌಕರರು ತಮ್ಮ ಕುರ್ಚಿಗೆ ಹಿಂದಿರುಗುವುದು ಕಡ್ಡಾಯವಾಗಿರಲಿಲ್ಲ. ಸಹಿ ತರಲು ಹೋದವರು ಕ್ಯಾಂಟೀನಿನಲ್ಲೂ, ಕ್ಯಾಂಟೀನಿಗೆ ಹೋದವರು ಸಿನಿಮಾ ಮಂದಿರದಲ್ಲೂ ಸಿಗುತ್ತಿದ್ದರು. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲವಾದ್ದರಿಂದ ಸುಧಾರಣೆ ತರುವುದು ಅನಿವಾರ್ಯವೆಂದು ನಿರ್ದೇಶಕರು ಮನಗಂಡರು.

ಕ್ಯಾಲ್ಕುಲೇಟರಿಗೆ ಅಸೆಂಬ್ಲಿ ಎಂಬ ಯಂತ್ರದ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವಾಕೆಯನ್ನು ಕರೆಸಿದರು.

"ನಿಮ್ಮ ಯಂತ್ರದೊಳಗೆ ಕೆಲಸ ಹೇಗಮ್ಮ ಓಡಾಡುತ್ತೆ?"

"ಸುಲಭ ಸಾರ್. ವರ್ಗಮೂಲ ಬೇಕಾದರೆ ಆ ಲೆಕ್ಕ ಮಾಡೋ ತುಣುಕನ್ನ ಕಾಲ್ ಮಾಡುತ್ತೆ. ಹೊರಡೋ ಮುಂಚೆ, ವಾಪಸ್ ಬರಬೇಕಾದ ವಿಳಾಸನ ಸ್ಟ್ಯಾಕ್ ಅನ್ನೋ ರಾಶಿ ಮೇಲಿಡುತ್ತೆ. ರಿಟರ್ನ್ ಅಂದ ಕೂಡಲೇ ತುದೀಲಿರೋ ವಿಳಾಸ ತಗೊಂಡು ಅಲ್ಲಿಗೆ ಬರುತ್ತೆ. ಜಂಪ್ ಆದ್ರೆ ಹಾಗಲ್ಲ."

"ಜಂಪ್ ಅಂದ್ರೆ?"

"ಏನೂ ಇಡದೆ ಹೊರಟುಬಿಡೋದು. ವಾಪಸ್ ಬರೋ ಮಾತೇ ಇಲ್ಲ."

ನಿರ್ದೇಶಕರ ಕಣ್ಣು ಒದ್ದೆಯಾಯಿತು. ಮಾರನೆಯ ದಿನವೇ ಸುತ್ತೋಲೆ ಹೊರಟಿತು:

"ಕರೆ ಬಂದ ನೌಕರರು ತಮ್ಮ ಕುರ್ಚಿಯ ಸಂಖ್ಯೆ ಬರೆದ ಟೀ ಲೋಟವನ್ನು ಹಜಾರದ ಮೇಜಿನ ರಾಶಿಯ ತುದಿಗೆ ಇಟ್ಟು ಹೊರಡತಕ್ಕದ್ದು. ಕೆಲಸ ಮುಗಿದ ಮೇಲೆ ತುದಿಯ ಲೋಟವನ್ನೇ ತೆಗೆದು, ಆ ಸಂಖ್ಯೆಯ ಕುರ್ಚಿಯಲ್ಲಿ ಕೂರತಕ್ಕದ್ದು. ನಡುವಿನಿಂದ ಎಳೆಯುವುದು ಶಿಕ್ಷಾರ್ಹ. ಒಂದು ಸಲಕ್ಕೆ ಒಬ್ಬರೇ ಓಡಾಡತಕ್ಕದ್ದು, ಉಳಿದವರು ಕಾಯತಕ್ಕದ್ದು. ಜಂಪ್ ಆದೇಶ ಪಡೆದವರು ಲೋಟ ಇಡತಕ್ಕದ್ದಲ್ಲ, ಬರತಕ್ಕದ್ದೂ ಅಲ್ಲ. ಸಂಜೆ ಮನೆಗೆ ಹೊರಡುವವರು ತಮ್ಮ ಕುರ್ಚಿಯಿಂದಲೇ ಹೊರಡತಕ್ಕದ್ದು."

ಉಗ್ರಾಣಕ್ಕೆ ಜಂಪ್ ಆದ ಗುಮಾಸ್ತರಿಗೆ ಅವರ ಹೆಂಡತಿ ಹಾಸಿಗೆ ತಂದುಕೊಟ್ಟರು. ಪದ್ಧತಿ ಯಶಸ್ವಿಯಾಯಿತೆಂದು ಘೋಷಿಸಲಾಯಿತು.

ಪ್ರೋಗ್ರಾಂ ಬರೆಯುವಾಕೆಯ ಮಗಳು ಅಂದು ಸಂಜೆ ಶಾಲೆಯ ನಾಟಕದಲ್ಲಿ ಮರವಾಗಿದ್ದಳು. "ಅಮ್ಮ, ನಾನು ಬೀಳೋದು ಕೊನೇಲಿ. ಅಷ್ಟರೊಳಗೆ ಬಂದ್ಬಿಡು," ಎಂದು ಬೆಳಿಗ್ಗೆಯೇ ಆಣೆ ಹಾಕಿಸಿಕೊಂಡಿದ್ದಳು. ಹೋದ ವರ್ಷ ಅವಳು ಬಂಡೆಯಾಗಿದ್ದಾಗ ಅಮ್ಮನಿಗೆ ಬರಲಾಗಿರಲಿಲ್ಲ.

ಇನ್ನೇನು ಗಂಟೆ ಹೊಡೆಯಬೇಕು, ವರ್ಗಮೂಲದ ಕೋಣೆಯಿಂದ ಕರೆ ಬಂತು. ಲೋಟ ಇಟ್ಟು ಓಡಿದಳು. ಅಲ್ಲಿಂದ ಭಾಗಾಕಾರದ ಕೋಣೆಗೆ ಕರೆ. ವರ್ಗಮೂಲದವರ ಲೋಟವನ್ನು ತನ್ನದರ ಮೇಲಿಟ್ಟು ಮತ್ತೆ ಓಡಿದಳು. ಭಾಗಿಸಿದಳು, ತುದಿಯ ಲೋಟ ತೆಗೆದಳು, ವರ್ಗಮೂಲಕ್ಕೆ ಬಂದು ಕೆಲಸ ಮುಗಿಸಿದಳು. ಎಲ್ಲ ಯಂತ್ರದಂತೆಯೇ ನಡೆಯಿತು. ಇನ್ನು ಉಳಿದಿದ್ದು ತನ್ನ ಲೋಟ, ತನ್ನ ಕುರ್ಚಿ, ಮನೆ.

ರಾಶಿಯ ತುದಿಯಲ್ಲಿ ಒಂದನೇ ಸಂಖ್ಯೆ ಬರೆದ ಚಿನ್ನದ ಅಂಚಿನ ಲೋಟವಿತ್ತು. ತಳದಲ್ಲಿ ಒಂದು ಗುಟುಕು ಟೀ ಇನ್ನೂ ಬೆಚ್ಚಗಿತ್ತು.

"ಅಯ್ಯೋ, ಇದು ಸಾಹೇಬರದ್ದು ಕಣಪ್ಪ! ಟೀ ಕುಡಿದು ಇಲ್ಲಿಟ್ಟು ಹೋಗಿದ್ದಾರೆ. ಇಟ್ಟಿದ್ದನ್ನ ತೆಗೆಯದೆ ಹೋದರೆ ಹೀಗೇ ಆಗೋದು," ಎಂದು ರಾಶಿ ಕಾಯುವ ಜವಾನನಿಗೆ ಹೇಳಿದಳು.

ಜವಾನ ನಿಟ್ಟುಸಿರುಬಿಟ್ಟ. "ಯಾಕಿಟ್ಟರು ಅಂತ ಲೋಟಕ್ಕೆ ಗೊತ್ತಿರಲ್ಲ ಅಕ್ಕ. ತುದೀದು ತಗೊಂಡು ಹೋಗಿ."

"ಕೆಳಗಡೇದು ನಂದು. ಒಂಚೂರು ಎತ್ತಿಕೊಡೋ, ಮಗಳು ಬಿದ್ದುಬಿಡ್ತಾಳೆ!"

"ನಡುವಿಂದ ಎಳೆದರೆ ನನ್ನನ್ನ ಜಂಪ್ ಮಾಡಿಸ್ತಾರೆ. ಉಗ್ರಾಣದಲ್ಲಿ ಇನ್ನೊಂದು ಹಾಸಿಗೆಗೆ ಜಾಗ ಇಲ್ಲ."

ಅವಳು ಲೋಟ ಹಿಡಿದು ನಿರ್ದೇಶಕರ ಕುರ್ಚಿಯಲ್ಲಿ ಕುಳಿತಳು. ಕೈ ತೊಳೆದು ಬಂದ ನಿರ್ದೇಶಕರು ಬಾಗಿಲಲ್ಲೇ ನಿಂತರು.

"ಇದು ನನ್ನ ಕುರ್ಚಿ!"

"ಲೋಟ ಇದೆಯಾ ಸಾರ್?"

ಅವರು ಹಜಾರಕ್ಕೆ ಓಡಿದರು. ಜವಾನ ತುದಿಯ ಲೋಟವನ್ನು ಎರಡೂ ಕೈಯಲ್ಲಿ ಕೊಟ್ಟು, "ನಿಮ್ಮದೇ ಸುತ್ತೋಲೆ ಸಾರ್, ಎಷ್ಟು ಚೆನ್ನಾಗಿ ಬರೆದಿದ್ದೀರಿ," ಎಂದ. ಅದು ಅವಳ ಲೋಟವಾಗಿತ್ತು. ನಿರ್ದೇಶಕರು ಅವಳ ಕುರ್ಚಿಯಲ್ಲಿ ಕುಳಿತರು.

ನಿರ್ದೇಶಕರ ಕುರ್ಚಿಯಿಂದ ಮನೆಗೆ ಹೊರಡಲು ಯಾರ ಅಪ್ಪಣೆಗೂ ಕಾಯಬೇಕಾಗಿರಲಿಲ್ಲ. ಕೆಳಗೆ ಕಾರು ಸಿದ್ಧವಿತ್ತು. ಮರ ಬೀಳುವ ಹೊತ್ತಿಗೆ ಅಮ್ಮ ಮೊದಲ ಸಾಲಿನಲ್ಲಿದ್ದಳು. ಮರ ಬಿದ್ದಲ್ಲಿಂದಲೇ ಕೈ ಬೀಸಿತು.

ಬೆಳಿಗ್ಗೆ ಸಿಬ್ಬಂದಿ ಹೊಸ ನಿರ್ದೇಶಕರಿಗೆ ನಮಸ್ಕಾರ ಹೇಳಿದರು. ಹಳೆಯವರು ವರ್ಗಮೂಲದ ಪ್ರೋಗ್ರಾಮಿನಲ್ಲಿ ತಪ್ಪೊಂದನ್ನು ಹುಡುಕುತ್ತಾ, ಬಾಗಿಲಲ್ಲಿ ಇಣುಕಿ ಮೆಲ್ಲಗೆ ಕೇಳಿದರು:

"ಮೇಡಂ, ನನ್ನ ಲೋಟ ಮತ್ತೆ ಯಾವಾಗ ತುದಿಗೆ ಬರಬಹುದು?"

"ಯಾರಾದರೂ ಇಟ್ಟಾಗ ಬರುತ್ತೆ. ಪದ್ಧತಿ ತಾನೇ?" ಎಂದು ಆಕೆ ಸಮಾಧಾನ ಹೇಳಿದಳು. ಆಮೇಲೆ ಟೀ ಮುಗಿಸಿ, ಚಿನ್ನದ ಅಂಚಿನ ಲೋಟವನ್ನು ತಾನೇ ತೊಳೆದು, ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು.